ಗಣಕಯಂತ್ರಕ್ಕೆ ಕನ್ನಡ ಕಲಿಸುವ ಮಕ್ಕಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಇನ್ನೆಷ್ಟೋ ಮಕ್ಕಳು ಅದೇ ವಿದ್ಯೆಯನ್ನು ಓದುತ್ತಿದ್ದಾರೆ. ಇದು ಓದುಗ ಬಂಧುಗಳಿಗೆ ಹೊಸ ಸಂಗತಿಯಲ್ಲ. ಆದರೆ ಈ ಮಕ್ಕಳಲ್ಲಿ ಕೆಲವರು ದಿನದ ದುಡಿಮೆ ಮುಗಿದ ಮೇಲೆ, ರಾತ್ರಿಯ ಹೊತ್ತು, ಯಾರೂ ಸಂಬಳ ಕೊಡದ ಒಂದು ಕೆಲಸವನ್ನು ಮೈಮೇಲೆ ಹಾಕಿಕೊಂಡು ಮಾಡುತ್ತಿರುತ್ತಾರೆಂಬುದು ಅನೇಕ ತಂದೆತಾಯಿಗಳಿಗೆ ತಿಳಿಯದು. ತಿಳಿದವರಿಗೆ ಅದು ಏತಕ್ಕೆಂದು ಅರ್ಥವಾಗದು. "ಮಗ ಇಂಗ್ಲಿಷಿನ ಸಾಲುಗಳನ್ನು ಕನ್ನಡಕ್ಕೆ ಬರೆಯುತ್ತಾನೆ, ಆಮೇಲೆ ತಪ್ಪು ಬಂತೆಂದು ನಡುರಾತ್ರಿಯವರೆಗೆ ತಲೆ ಕೆಡಿಸಿಕೊಳ್ಳುತ್ತಾನೆ, ಹಣ ಮಾತ್ರ ಒಂದು ಪೈಯಿಲ್ಲ" ಎಂದು ಬಾಗೇವಾಡಿಯ ಕಡೆಯ ಗೃಹಸ್ಥರೊಬ್ಬರು ನಮ್ಮ ಮುಂದೆ ನೊಂದುಕೊಂಡರು. ಈ ಕೆಲಸದ ಸ್ವರೂಪವೇನೆಂಬುದನ್ನು ನಮಗೆ ತಿಳಿದಮಟ್ಟಿಗೆ ಈ ಸಲ ವಿವರಿಸಬೇಕೆಂದಿದ್ದೇವೆ.

ಗಣಕಯಂತ್ರವನ್ನು ನಡೆಸುವ ಬರಹಕ್ಕೆ ತಂತ್ರಾಂಶವೆಂದು ಹೆಸರು. ಅದರ ಮೂಲಪಾಠವನ್ನು ಮನುಷ್ಯನು ಓದಬಲ್ಲನು, ತಿದ್ದಬಲ್ಲನು. ಆದರೆ ಮಾರಾಟದ ತಂತ್ರಾಂಶಗಳಲ್ಲಿ ಆ ಮೂಲಪಾಠವನ್ನು ಮುಚ್ಚಿಟ್ಟು, ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನಷ್ಟೇ ಕೊಡುತ್ತಾರೆ. ೧೯೮೦ರ ಸುಮಾರಿಗೆ ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬವರಿಗೆ ಇದು ಕಣ್ಣಿಗೆ ಹೊಡೆದದ್ದು ಒಂದು ಮುದ್ರಣಯಂತ್ರದಿಂದ. ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾದಿರುವವರಿಗೆ ಕೂಡಲೇ ಸುದ್ದಿ ಮುಟ್ಟುವಂತೆ ಹಳೆಯ ಮುದ್ರಣಯಂತ್ರದ ತಂತ್ರಾಂಶವನ್ನು ಅವರು ತಿದ್ದಿಕೊಂಡಿದ್ದರು. ಹೊಸ ಯಂತ್ರ ಬಂದಾಗ ಅದರ ಮೂಲಪಾಠವೇ ಸಿಗಲಿಲ್ಲ. ಅದನ್ನು ಬಲ್ಲವರೊಬ್ಬರು ಗುಟ್ಟು ಕಾಯುವ ಕರಾರಿಗೆ ಸಹಿ ಮಾಡಿದ್ದೇವೆಂದು ಕೊಡಲು ನಿರಾಕರಿಸಿದರು. ೧೯೮೩ರಲ್ಲಿ ಸ್ಟಾಲ್‌ಮನ್ ಅವರು ಯಾರು ಬೇಕಾದರೂ ಓದುವ, ತಿದ್ದುವ, ಹಂಚುವ ತಂತ್ರಾಂಶಗಳನ್ನೇ ರಚಿಸುವುದಾಗಿ ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಇದರೊಡನೆ ಕೂಡಿತು. ಇಂಗ್ಲಿಷಿನಲ್ಲಿ ಇವಕ್ಕೆ 'ಫ್ರೀ ಸಾಫ್ಟ್‌ವೇರ್' ಎನ್ನುತ್ತಾರೆ. ಆ 'ಫ್ರೀ' ಎಂಬ ಪದಕ್ಕೆ ಬಿಟ್ಟಿ ಎಂದೂ ಅರ್ಥ, ಸ್ವತಂತ್ರ ಎಂದೂ ಅರ್ಥ. ಆ ಜನ ಇಂದಿಗೂ ಈ ಗೊಂದಲವನ್ನು ಬಿಡಿಸಿ ಹೇಳುತ್ತಲೇ ಇರಬೇಕಾಗಿದೆ. ನಮಗೆ ಆ ತೊಡಕಿಲ್ಲ. 'ಮುಕ್ತ ತಂತ್ರಾಂಶ' ಎಂದರೆ ಮುಗಿಯಿತು. ('ಉಚಿತ' ಎಂಬುದಕ್ಕೆ ಕೂಡ ಯೋಗ್ಯವಾದದ್ದು ಎಂಬುದೇ ಮೊದಲಿನ ಅರ್ಥ, ಬಿಟ್ಟಿ ಎಂಬುದು ಈಚಿನದು. ಇದು ಪ್ರಾಸಂಗಿಕ ಮಾತು.)

ಮುಕ್ತವಾಗಿರುವುದರಿಂದಲೇ ಅದನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಕನ್ನಡ ಅಕ್ಷರವೇ ಯಂತ್ರದಲ್ಲಿ ನೆಲೆ ನಿಲ್ಲುವುದಕ್ಕೆ ಬಹಳ ಕಾಲ ಹಿಡಿಯಿತು. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸ, ೧೯೯೮ರಲ್ಲಿ ಬಂದ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳಿಂದ ನಾಡಿನ ಕಚೇರಿ, ಮುದ್ರಣಾಲಯಗಳಲ್ಲಿ ಕನ್ನಡ ಬಂದಿತು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡ್ರಿಸಿದ್ದರು. ಬೇರೊಂದು ಯಂತ್ರದಲ್ಲಿ ತೆರೆದರೆ ಕನ್ನಡದ ಲೇಖನವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಗೊತ್ತುಪಡಿಸುವ ಯುನಿಕೋಡ್ ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಓಣಿಯನ್ನು ಮೀಸಲಿಟ್ಟಿತ್ತು. ಅದು ಬಳಕೆಗೆ ಬಂದದ್ದು ಮಾತ್ರ ನಿಧಾನವಾಗಿ. ೨೦೦೪ರಲ್ಲಿ 'ಲೋಹಿತ್' ಅಕ್ಷರವಿನ್ಯಾಸಗಳು ಮುಕ್ತವಾಗಿ ದೊರೆತವು; ಮುಂದೆ 'ಗುಬ್ಬಿ', 'ನವಿಲು' ಎಂಬ ಚೆಂದದ ಹೆಸರಿನವೂ ಬಂದವು. ಇಂದು ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಂಥ ಮುಕ್ತ ತಂತ್ರಾಂಶಗಳು ಕನ್ನಡದಲ್ಲಿ ಮಾತನಾಡುತ್ತಿದ್ದರೆ ಅದರ ಹಿಂದೆ ಸ್ವಯಂಸೇವಕರ ಇಂಥ ರಾತ್ರಿಗಳು ಅದೆಷ್ಟೋ ಇವೆ.

ಕೆಲಸ ನಡೆಯುವ ಬಗೆ ಹೀಗೆ. ತಂತ್ರಾಂಶವು ಬಳಸುವವನಿಗೆ ಹೇಳುವ ಪ್ರತಿಯೊಂದು ಮಾತನ್ನೂ, ಕೈಪಿಡಿಯ ಪ್ರತಿಯೊಂದು ವಾಕ್ಯವನ್ನೂ ಬೇರ್ಪಡಿಸಿ ಒಂದು ಕಡತದಲ್ಲಿ ಪಟ್ಟಿ ಮಾಡಿರುತ್ತಾರೆ. ಮೇಲೆ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಖಾಲಿ ಸಾಲು. ಆ ಖಾಲಿ ಸಾಲಿನಲ್ಲಿ ಕನ್ನಡವನ್ನು ತುಂಬಬೇಕು. ತುಂಬಿದ ಮೇಲೆ ಎಲ್ಲವನ್ನೂ ಯಂತ್ರ ನಡೆಸಬಲ್ಲ ರೂಪಕ್ಕೆ ಕಟ್ಟಬೇಕು. ಈ ಕಟ್ಟುವಿಕೆಗೆ ಇವರು 'ಬಿಲ್ಡ್' ಎನ್ನುತ್ತಾರೆ. ಸಣ್ಣ ದೋಷವಿದ್ದರೂ ಕಟ್ಟುವಿಕೆ ಅಲ್ಲಿಯೇ ನಿಲ್ಲುತ್ತದೆ. ಎಲ್ಲಿ ನಿಂತಿತೆಂದು ಯಂತ್ರವು ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ಅಲ್ಲಿಂದ ಮುಂದೆ ಹುಡುಕುವವನ ಪಾಡು.

ಮುದ್ದೇಬಿಹಾಳದಲ್ಲಿ ನಾವು ತಂಗಿದ್ದ ಮನೆಯಲ್ಲಿ ಇದನ್ನು ಕಣ್ಣಾರೆ ಕಾಣುವ ಯೋಗ ಬಂದಿತು. ಆ ಮನೆಯ ಮಗಳು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿ ಓದುತ್ತಾಳೆ. ಕಿರಾಣಿ ಅಂಗಡಿ ನಡೆಸುವ ಆಕೆಯ ತಂದೆಯವರು, ನೌಕರಿಯ ಸಂದರ್ಶನಗಳು ಹತ್ತಿರ ಬಂದಿವೆ, ಇದನ್ನು ಬಿಡೆಂದು ನೀವೇ ಒಂದು ಮಾತು ಹೇಳಬೇಕೆಂದು ನಮ್ಮನ್ನು ಮೊದಲೇ ಕೇಳಿಕೊಂಡಿದ್ದರು. "ಅಜ್ಜಾರ, ಇದರಿಂದ ಹೊಟ್ಟಿ ತುಂಬತೈತೇನ್ರಿ?" ಎಂಬುದು ಅವರ ಪ್ರಶ್ನೆ. ಹೇಳುವುದಕ್ಕೆ ಮುನ್ನ ನೋಡೋಣವೆಂದು ನಾವು ಆಕೆಯ ಪಕ್ಕದಲ್ಲಿ ಕುಳಿತೆವು.

'ಇಂಥ ಕಡತದ ಇಷ್ಟನೆಯ ಸಾಲಿನಲ್ಲಿ ದೋಷವಿದೆ' ಎಂಬುದು ಆಕೆ ಅನುವಾದಿಸಿದ ವಾಕ್ಯ. ಇಂಗ್ಲಿಷಿನಲ್ಲಿ ಮೊದಲು ಸಾಲಿನ ಸಂಖ್ಯೆ ಬರುತ್ತದೆ, ಆಮೇಲೆ ಕಡತದ ಹೆಸರು. ಕನ್ನಡದಲ್ಲಿ ಷಷ್ಠೀ ವಿಭಕ್ತಿಯ ಪದ ಮುಂದೆ ನಿಲ್ಲಬೇಕಾದ್ದರಿಂದ ಕಡತ ಮೊದಲು, ಸಾಲು ಆಮೇಲೆ. ಸಂಖ್ಯೆ, ಹೆಸರುಗಳು ಬಂದು ಕೂಡ್ರುವ ಜಾಗಗಳನ್ನು ಶೇಕಡಾ ಚಿಹ್ನೆಯೊಂದಿಗೆ ಒಂದು ಇಂಗ್ಲಿಷ್ ಅಕ್ಷರವನ್ನು ಬರೆದು ಗುರುತಿಸಿರುತ್ತಾರೆ. ಕನ್ನಡದ ಜಾಯಮಾನಕ್ಕೆ ತಕ್ಕಂತೆ ಆಕೆ ಆ ಗುರುತುಗಳನ್ನು ಅದಲುಬದಲು ಮಾಡಿದ್ದಳು. ಮೊದಲ ಸ್ಥಾನದಲ್ಲಿ ಸಂಖ್ಯೆಯನ್ನು ನಿರೀಕ್ಷಿಸಿದ್ದ ಯಂತ್ರಕ್ಕೆ ಹೆಸರಿನ ಗುರುತು ಎದುರಾಯಿತು, ಕಟ್ಟುವಿಕೆ ನಿಂತಿತು. ಇದಕ್ಕೆ ಪರಿಹಾರವುಂಟು. ಇದು ಎರಡನೆಯದು, ಇದು ಒಂದನೆಯದು ಎಂದು ಗುರುತಿನೊಳಗೇ ಅಂಕಿ ಹಾಕಿ ಡಾಲರ್ ಚಿಹ್ನೆ ಬರೆದರೆ ಯಂತ್ರವು ಕ್ರಮಪಲ್ಲಟವನ್ನು ಒಪ್ಪಿಕೊಳ್ಳುತ್ತದೆ. ಆಕೆ ಹಾಗೆ ಬರೆದಳು. ಮತ್ತೆ ನಿಂತಿತು! ಈ ಸಲ ದೋಷ ಬೇರೆ. ಕೀಲಿಮಣೆ ಕನ್ನಡದಲ್ಲಿದ್ದುದರಿಂದ ಅಂಕಿಯೂ ಕನ್ನಡದ '೨' ಆಗಿ ಬಿದ್ದಿತ್ತು. ಆ ಜಾಗದಲ್ಲಿ ಯಂತ್ರವು ಇಂಗ್ಲಿಷ್ ಅಂಕಿಯನ್ನಲ್ಲದೆ ಬೇರೇನನ್ನೂ ಅರಿಯದು. ಅದನ್ನೂ ತಿದ್ದಿದ ಮೇಲೆ ಕಟ್ಟುವಿಕೆ ಮುಂದೆ ಸಾಗಿ, ಕೈಪಿಡಿಯ ಭಾಗದಲ್ಲಿ ಮೂರನೆಯ ಸಲ ನಿಂತಿತು. ಕೈಪಿಡಿಯಲ್ಲಿ ಶೀರ್ಷಿಕೆ ಇಲ್ಲಿಂದ ಇಲ್ಲಿಯವರೆಗೆ, ಪರಿಚ್ಛೇದ ಇಲ್ಲಿಂದ ಇಲ್ಲಿಯವರೆಗೆ ಎಂದು ಆರಂಭದ ಪಟ್ಟಿ, ಮುಕ್ತಾಯದ ಪಟ್ಟಿಗಳನ್ನು ಕಟ್ಟಿರುತ್ತಾರೆ. ಅನುವಾದಿಸುವಾಗ ಒಂದು ಮುಕ್ತಾಯದ ಪಟ್ಟಿ ಬಿಟ್ಟುಹೋಗಿತ್ತು. ಯಂತ್ರದ ದೂರು ಬಂದ ಸಾಲಿಗೂ ತಪ್ಪು ಆಗಿದ್ದ ಸಾಲಿಗೂ ಬಹಳ ಅಂತರವಿತ್ತು. "ಅಜ್ಜಾರ, ಯಂತ್ರ ಬಿದ್ದ ಜಾಗಾ ಹೇಳತೈತ್ರಿ, ಎಡವಿದ ಜಾಗಾ ಹೇಳೂದಿಲ್ಲರಿ" ಎಂದಳು ಆ ಮಗು. ದೂರುಗಳು ಮೂವತ್ತು ಬಂದರೂ ಮೊದಲಿನದನ್ನಷ್ಟೇ ತಿದ್ದಿ ಮತ್ತೆ ಕಟ್ಟಿ ನೋಡಬೇಕು, ಉಳಿದವುಗಳಲ್ಲಿ ಬಹಳಷ್ಟು ಅದರಿಂದ ಹುಟ್ಟಿದವೇ ಆಗಿರುತ್ತವೆ ಎಂಬುದನ್ನೂ ಆಕೆಯೇ ನಮಗೆ ಹೇಳಿಕೊಟ್ಟಳು.

ಹಸ್ತಪ್ರತಿಗಳ ಓದಿನಲ್ಲಿ ಬೆಳೆದ ನಮಗೆ ಇದೆಲ್ಲ ಅಪರಿಚಿತವೆನಿಸಲಿಲ್ಲ. ಹಳೆಯ ಓಲೆಗರಿಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದವನ್ನು ಬರೆಯುವ ರೂಢಿಯಿರಲಿಲ್ಲ, ಪದಗಳ ನಡುವೆ ತೆರಪು ಇರಲಿಲ್ಲ. ಲಿಪಿಕಾರನ ಒಂದು ಕೈತಪ್ಪು ಪ್ರತಿಯಿಂದ ಪ್ರತಿಗೆ ಇಳಿದು ಶತಮಾನಗಳ ಕಾಲ ಸದ್ದಿಲ್ಲದೆ ಬದುಕುತ್ತಿತ್ತು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಡಾ. ಫ. ಗು. ಹಳಕಟ್ಟಿಯವರು ಅಂಥ ಗರಿಗಳನ್ನು ಊರೂರು ತಿರುಗಿ ಕೂಡಿಸಿ, ಪ್ರತಿಗಳನ್ನು ಹೋಲಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿ ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಇದರಿಂದ ಅವರ ಹೊಟ್ಟೆ ತುಂಬಿತೇ ಎಂದು ಕೇಳಿದವರು ಅಂದೂ ಇದ್ದಿರಬೇಕು. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟಗಳು ೧೯೯೩ರಲ್ಲಿ ಬಂದವು. ೨೦೧೩ರಲ್ಲಿ 'ವಚನ ಸಂಚಯ' ಎಂಬ ಹೆಸರಿನಿಂದ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಗಣಕದಲ್ಲಿ ಹುಡುಕಲು ಬರುವಂತೆ ಸಿದ್ಧವಾದುದು ಇದೇ ದಾರಿಯ ಮುಂದಿನ ಹೆಜ್ಜೆ. ಅದನ್ನೂ ಮುಕ್ತ ತಂತ್ರಾಂಶದ ಬಳಗದ ತರುಣರೇ ಸಾಹಿತ್ಯ ವಿದ್ವಾಂಸರಾದ ಓ. ಎಲ್. ನಾಗಭೂಷಣಸ್ವಾಮಿಯವರಂಥವರ ಜತೆಗೂಡಿ ಮಾಡಿದರು.

ಯಂತ್ರದಲ್ಲಿ ಓಲೆಗರಿಗಿಂತ ಸೂಕ್ಷ್ಮವಾದ ಪಾಠದೋಷಗಳಿವೆ. ಕನ್ನಡದ ಅನುಸ್ವಾರವೂ ಸೊನ್ನೆಯೂ ಕಣ್ಣಿಗೆ ಒಂದೇ ದುಂಡನೆಯ ಆಕಾರ; ಯುನಿಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಸ್ಥಾನ. 'ಲಿಂಗ' ಎಂಬ ಪದದಲ್ಲಿ ಬೆರಳು ತಪ್ಪಿ ಅನುಸ್ವಾರದ ಬದಲು ಸೊನ್ನೆ ಬಿದ್ದರೆ ಓದುವವನಿಗೆ ಯಾವ ಭೇದವೂ ತಿಳಿಯದು. ಹುಡುಕಹೊರಟ ಯಂತ್ರವು ಮಾತ್ರ ಆ ಪದವೇ ಇಲ್ಲವೆಂದು ಹೇಳುತ್ತದೆ. ಅಕಾರಾದಿಯಲ್ಲಿ ಅದು ತನ್ನ ಸ್ಥಾನವನ್ನು ಬಿಟ್ಟು ಬೇರೆಲ್ಲಿಗೋ ಹೋಗಿ ನಿಲ್ಲುತ್ತದೆ. ಕಣ್ಣಿಗೇ ಕಾಣದ ಅಕ್ಷರಗಳೂ ಉಂಟು. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರಕ್ಕೆ ಕಕಾರವು ಒತ್ತಾಗಿ ಅಂಟದಂತೆ ನಡುವೆ ಒಂದು ಅದೃಶ್ಯ ಚಿಹ್ನೆಯನ್ನಿಡಬೇಕು. ಅದೇ ಚಿಹ್ನೆ ಯಂತ್ರವು ಓದುವ ಆಜ್ಞೆಯ ನಡುವೆ ನುಸುಳಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದು ಕೆಲಸ ಮಾತ್ರ ನಡೆಯದು.

ವಿಭಕ್ತಿಪ್ರತ್ಯಯಗಳ ತೊಡಕು ಇವೆಲ್ಲಕ್ಕಿಂತ ಸ್ವಾರಸ್ಯವುಳ್ಳದ್ದು. 'ಇಂಥ ಊರಿನಿಂದ' ಎಂದು ಹೇಳಲು ಇಂಗ್ಲಿಷಿನವರಿಗೆ ಊರಿನ ಹೆಸರಿನ ಹಿಂದೆ ಒಂದು ಪದವಿಟ್ಟರೆ ಸಾಕು, ಹೆಸರು ಬದಲಾಗದು. ನಮ್ಮಲ್ಲಿ ಇಂಡಿಯಿಂದ, ಸಿಂದಗಿಯಿಂದ, ಬಾಗೇವಾಡಿಯಿಂದ, ಆದರೆ ಮುದ್ದೇಬಿಹಾಳದಿಂದ. ಇಕಾರಾಂತಕ್ಕೆ ಯಕಾರಾಗಮ, ಅಕಾರಾಂತ ನಪುಂಸಕಕ್ಕೆ ದಕಾರಾಗಮ. ಇದನ್ನು ನಾವು ಬಾಲ್ಯದಲ್ಲಿ ತಾಯಿಯ ಮಡಿಲಲ್ಲಿ ಕಲಿತೆವು, ಆಮೇಲೆ ಮಠದಲ್ಲಿ ಕೇಶಿರಾಜನ ಸೂತ್ರಗಳಲ್ಲಿ ಓದಿದೆವು. ಹೆಸರು ಯಾವುದೆಂದು ಅನುವಾದಕನಿಗೆ ಮೊದಲೇ ತಿಳಿಯದು, ತುಂಬುವ ಯಂತ್ರಕ್ಕೆ ಸೂತ್ರ ಗೊತ್ತಿಲ್ಲ. ಜಾಗ ಬಿಟ್ಟು 'ಇಂದ' ಎಂದಷ್ಟೇ ಬರೆದರೆ 'ಇಂಡಿ ಇಂದ', 'ಮುದ್ದೇಬಿಹಾಳ ಇಂದ' ಎಂದು ಕಿವಿಗೆ ಕಲ್ಲು ಹೊಡೆದಂತಾಗುತ್ತದೆ. ಆದಕಾರಣ ಬಲ್ಲ ಅನುವಾದಕರು 'ಎಂಬ ಊರಿನಿಂದ', 'ಎಂಬ ಕಡತದಿಂದ' ಎಂದು ನಡುವೆ ಒಂದು ನಾಮಪದವನ್ನು ತಂದು ಪ್ರತ್ಯಯವನ್ನು ಅದಕ್ಕೆ ಹಚ್ಚುತ್ತಾರೆ. ಈ ಉಪಾಯವನ್ನು ಕಂಡುಕೊಂಡ ಹುಡುಗರಲ್ಲಿ ಅನೇಕರು ವ್ಯಾಕರಣವನ್ನು ಶಾಸ್ತ್ರವಾಗಿ ಓದಿದವರಲ್ಲ.

ಇಲ್ಲಿಯವರೆಗೆ ಹೇಳಿದವು ಬಹುಮಟ್ಟಿಗೆ ಯಂತ್ರವೇ ಹಿಡಿದುಕೊಡಬಲ್ಲ ಅಥವಾ ಕಿವಿಗೆ ತಾನಾಗಿ ತಿಳಿಯುವ ದೋಷಗಳು. ಅರ್ಥದ ದೋಷವನ್ನು ಯಂತ್ರ ಹಿಡಿಯದು, ಅದರಿಂದ ಆಗುವ ಹಾನಿಯೇ ದೊಡ್ಡದು. 'ತೆಗೆ' ಎಂಬ ಪದವನ್ನು ನೋಡಿರಿ. 'ಬಾಗಿಲಾ ತೆಗಿ' ಎಂದರೆ ತೆರೆಯುವುದು. 'ಕಸಾ ತೆಗಿ' ಎಂದರೆ ಹೊರಗೆ ಹಾಕುವುದು. 'ಕಡತ ತೆಗೆ' ಎಂದು ಗುಂಡಿಯ ಮೇಲೆ ಬರೆದರೆ ಒಬ್ಬನು ಓದಬೇಕೆಂದು ಒತ್ತುವನು, ಮತ್ತೊಬ್ಬನು ಅಳಿಸಬೇಕೆಂದು ಒತ್ತುವನು. ವರ್ಷದ ಲೆಕ್ಕವೋ ಜಮೀನಿನ ಕಾಗದವೋ ಅದರಲ್ಲಿದ್ದರೆ ಗತಿಯೇನು? ಇದಕ್ಕೆಂದೇ ಒಂದಕ್ಕೆ 'ತೆರೆ' ಎಂದೂ ಇನ್ನೊಂದಕ್ಕೆ 'ಅಳಿಸು' ಎಂದೂ ಬಳಸುತ್ತಾರೆ. ಹಿರಿಯರು ಕೆಲವರು, ಯಂತ್ರದಲ್ಲಿ 'ಉಳಿಸು, ಮುಚ್ಚು' ಎಂದು ಏಕವಚನವೇಕೆ, ಮರ್ಯಾದೆಯಿಲ್ಲವೇ ಎಂದು ಆಕ್ಷೇಪಿಸುವುದುಂಟು. ಗುಂಡಿಯ ಮೇಲಿನ ಮಾತು ನಾವು ಯಂತ್ರಕ್ಕೆ ಕೊಡುವ ಅಪ್ಪಣೆ. ಅದಕ್ಕೆ ಬಹುವಚನ ಬೇಕಿಲ್ಲ. ಕೈಪಿಡಿಯ ಮಾತು ನಮಗೆ ಹೇಳಿದ್ದು. ಅಲ್ಲಿ 'ಗುಂಡಿಯನ್ನು ಒತ್ತಿರಿ' ಎಂದೇ ಇರುತ್ತದೆ. ಈ ವಿವೇಕ ನಮಗೆ ಮೆಚ್ಚಿಗೆಯಾಯಿತು.

ಈಗ ಯಂತ್ರವೇ ಅನುವಾದ ಮಾಡುತ್ತದೆಯಲ್ಲ, ಮಕ್ಕಳು ನಿದ್ದೆಗೆಡುವುದೇಕೆ ಎಂದು ಕೇಳುವವರಿದ್ದಾರೆ. ಗೂಗಲ್ಲಿನ ಯಂತ್ರಾನುವಾದದಲ್ಲಿ ಕನ್ನಡ ಸೇರಿದ್ದು ೨೦೧೧ರಲ್ಲಿ. ಅಂದಿನಿಂದ ಯಂತ್ರದ ಕನ್ನಡ ಬಹಳ ಸುಧಾರಿಸಿದೆ. ಮೊದಲ ಕರಡಿಗೆ ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿಂದೆ ಮುಂದೆ ಏನೂ ಇಲ್ಲದೆ ಒಂದೇ ಪದವಿರುವ ಗುಂಡಿಗಳಲ್ಲಿ ಅದು ಎಡವುತ್ತದೆ. ಕಡತವನ್ನು 'ಉಳಿಸು' ಎನ್ನಬೇಕಾದಲ್ಲಿ 'ರಕ್ಷಿಸು' ಎಂದೀತು. ಶೇಕಡಾ ಚಿಹ್ನೆಗೂ ಅದರ ಅಕ್ಷರಕ್ಕೂ ನಡುವೆ ಒಂದು ತೆರಪನ್ನು ತಂದಿಟ್ಟು ಕಟ್ಟುವಿಕೆಯನ್ನೇ ಕೆಡಿಸುವುದೂ ಉಂಟು. ಕೊನೆಗೆ ಓದಿ ನೋಡುವ ಕನ್ನಡದ ಕಣ್ಣು ಬೇಕೇ ಬೇಕು.

ಇನ್ನೊಂದು ಸಂಗತಿ ನಮ್ಮನ್ನು ಚಿಂತೆಗೆ ಹಚ್ಚಿದೆ. ಒಮ್ಮೆ ಅನುವಾದಿಸಿದರೆ ಮುಗಿಯಿತೆಂಬುದು ಈ ಕೆಲಸದಲ್ಲಿಲ್ಲ. ಗ್ನೋಮ್ ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶದ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಪ್ರತಿಸಲವೂ ಹೊಸ ವಾಕ್ಯಗಳು ಸೇರುತ್ತವೆ, ಹಳೆಯವು ಮಾರ್ಪಡುತ್ತವೆ. ಶೇಕಡಾ ೮೦ರಷ್ಟಾದರೂ ಅನುವಾದವಾದ ಭಾಷೆಗೆ ಮಾತ್ರ ಅಲ್ಲಿ ಪೂರ್ಣ ಬೆಂಬಲವುಳ್ಳ ಭಾಷೆಯೆಂಬ ಮನ್ನಣೆ. ದುಡಿಯುವ ಕೈಗಳು ಕಡಿಮೆಯಾದರೆ ಯಾರೂ ಏನನ್ನೂ ಅಳಿಸದಿದ್ದರೂ ಭಾಷೆಯ ಪಾಲು ತಾನಾಗಿಯೇ ಇಳಿಯುತ್ತ ಹೋಗುತ್ತದೆ. ಬಳಸುವವನಿಗೆ ಒಂದು ಸಾಲು ಕನ್ನಡದಲ್ಲಿ, ಮರುಸಾಲು ಇಂಗ್ಲಿಷಿನಲ್ಲಿ ಕಾಣತೊಡಗುತ್ತದೆ. ಆಗ ಅವನು ಬೇಸತ್ತು ಪೂರ್ತಿ ಇಂಗ್ಲಿಷಿಗೇ ತಿರುಗುತ್ತಾನೆ. ನೆರೆಯ ಕೇರಳದಲ್ಲಿ ಸರಕಾರಿ ಶಾಲೆಗಳಲ್ಲಿಯೇ ಮುಕ್ತ ತಂತ್ರಾಂಶವನ್ನು ಬಳಸುವುದರಿಂದ ಮಲೆಯಾಳದ ಸ್ವಯಂಸೇವಕರ ಶ್ರಮಕ್ಕೆ ಬಳಸುವ ಮಕ್ಕಳು ಸಿದ್ಧವಾಗಿ ದೊರೆತರು. ನಮ್ಮಲ್ಲಿ ಮಾಡುವವರು ಒಂದು ಕಡೆ, ಬಳಸಬೇಕಾದವರು ಇನ್ನೊಂದು ಕಡೆ. ಇಂಡಿಯಲ್ಲಿ ನಿಂಬೆಯ ಲೆಕ್ಕ ಬರೆಯುವ ವ್ಯಾಪಾರಸ್ಥರಿಗೆ ಕನ್ನಡದಲ್ಲಿಯೇ ಲೆಕ್ಕಪತ್ರ ಬರೆಯುವ ತಂತ್ರಾಂಶ ಹಣವಿಲ್ಲದೆ ಸಿಗುತ್ತದೆಂದು ನಾವು ಹೇಳಿದಾಗ ಅವರು ನಂಬಲಿಲ್ಲ.

ಮುದ್ದೇಬಿಹಾಳದ ಆ ತಂದೆಯವರಿಗೆ ನಾವು ಹೇಳಿದ್ದಿಷ್ಟು. ಸಂದರ್ಶನ ಮುಗಿಯುವವರೆಗೆ ವಾರಕ್ಕೆ ಒಂದು ರಾತ್ರಿ ಸಾಕು, ಉಳಿದ ರಾತ್ರಿ ಓದಲಿ. ಆದರೆ ಬಿಡು ಎಂದು ನಾವು ಹೇಳಲಾರೆವು. ಆಕೆ ಅಂದು ತಿದ್ದಿದ ದೋಷವನ್ನು ಎಲ್ಲಿಯೋ ಇರುವ ಹಿರಿಯರೊಬ್ಬರು ಪರೀಕ್ಷಿಸಿ ಸ್ವೀಕರಿಸುತ್ತಾರೆ. ಯಾರು, ಯಾವ ದಿನ, ಏನು ತಿದ್ದಿದರೆಂಬುದು ಹೆಸರುಸಹಿತ ದಾಖಲಾಗಿ ಯಾರು ಬೇಕಾದರೂ ನೋಡುವಂತೆ ಉಳಿಯುತ್ತದೆ. ನಾಳೆ ನೌಕರಿ ಕೊಡುವವನೂ ಅದನ್ನು ನೋಡಬಲ್ಲನು. ಅಂಗಡಿಯ ಕೀರ್ದಿಯಲ್ಲಿ ಒಂದು ಕಲಮು ತಪ್ಪಿದರೆ ಹುಡುಕುವ ಕಷ್ಟ ಬಲ್ಲ ಆ ಗೃಹಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಐತವಾರ ಒಂದ ದಿನಾ ಮಾಡ್ಲಿ ಬಿಡ್ರಿ" ಎಂದರು. ಮಗಳಿಗೆ ಅದು ಪೂರ್ಣ ಸಮಾಧಾನವೆನಿಸಲಿಲ್ಲವೆಂಬುದು ಮುಖದಲ್ಲಿ ತಿಳಿಯುತ್ತಿತ್ತು.

ಮನೆಯ ಹಿರಿಯರು, ಅದರಲ್ಲಿಯೂ ತಾಯಂದಿರು, ಈ ಕೆಲಸದಲ್ಲಿ ಕೈಗೂಡಿಸಬಹುದು. ಮಗ ಅಥವಾ ಮಗಳು ಬರೆದ ವಾಕ್ಯವನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಹೇಳಿರಿ. ಪದಗಳ ಕೊರತೆಯಂತೂ ದಿನವೂ ಇದ್ದದ್ದೇ. ನಾವು ಏನನ್ನೂ ಆರಿಸದಿದ್ದಾಗ ಯಂತ್ರವು ತಾನಾಗಿಯೇ ಹಿಡಿಯುವ ಆಯ್ಕೆಗೆ ಇಂಗ್ಲಿಷಿನಲ್ಲಿ 'ಡಿಫಾಲ್ಟ್' ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಸಹಕಾರಿ ಸಂಘದ ಸಾಲ ತೀರಿಸದೆ ಉಳಿದವನಿಗೆ ಮಾತ್ರ ಆ ಪದ ಸಲ್ಲುತ್ತದೆ! ಅನುವಾದಕರು 'ಪೂರ್ವನಿಯೋಜಿತ' ಎಂದು ಬರೆಯುತ್ತಾರೆ. ಅರ್ಥ ಸರಿ, ಭಾರ ಹೆಚ್ಚು. ಆ ಹುಡುಗಿ ಇದಕ್ಕಿಂತ ಹಗುರವಾದ ಮಾತನ್ನು ಹುಡುಕುತ್ತಿದ್ದಾಳೆ. ಹೊಲ, ಮನೆ, ಅಂಗಡಿಗಳಲ್ಲಿ ಯಾರೂ ಹೇಳದಿದ್ದರೂ ರೂಢಿಯಂತೆ ತಾನಾಗಿ ನಡೆಯುವುದಕ್ಕೆ ನಿಮ್ಮ ಸೀಮೆಯಲ್ಲಿ ಒಂದು ಮಾತಿದ್ದರೆ, ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಈ ಪತ್ರಿಕೆಯ ವಿಳಾಸಕ್ಕೆ ಕಾರ್ಡು ಬರೆಯಿರಿ. ಬಂದವುಗಳನ್ನೆಲ್ಲ ಆಕೆಗೆ ಕಳಿಸುತ್ತೇವೆ.